ಮನೆಯಲ್ಲಿ ಮೂರೇ ಜನ

ಟೀಚರ್ ಹೇಳಿದ್ದನ್ನು ಅಕ್ಕ ಇನ್ನೊಂದು ಸಲ ಹೇಳಿಸಿಕೊಂಡಳು. ಅರ್ಥವಾಗಿರಲಿಲ್ಲ ಎಂದಲ್ಲ. ಪರದೇಶಕ್ಕೆ ಬಂದು ಇಷ್ಟು ದಿನವಾದ ಮೇಲೆ ಅಲ್ಲಿಯ ಭಾಷೆಗೆ ಅವಳ ಕಿವಿ ಪಳಗಿತ್ತು. ನಂಬಲು ಮನಸ್ಸಿರಲಿಲ್ಲ, ಅಷ್ಟೇ.

"ನಿಮ್ಮ ಮಗಳು ಇಲ್ಲಿಗೆ ಸೇರಿ ವರ್ಷ ಆಯ್ತು. ಇವತ್ತಿನವರೆಗೂ ಒಂದೇ ಒಂದು ಮಾತು ಆಡಿಲ್ಲ," ಎಂದರು ಟೀಚರ್. ಕೆಟ್ಟವರೇನಲ್ಲ, ಅವರ ಮುಖವೂ ಬಾಡಿತ್ತು. "ಎಲೆ ಉದುರೋ ಕಾಲಕ್ಕೆ ನಮ್ಮಲ್ಲೊಂದು ಸಂಭ್ರಮ ಮಾಡ್ತೀವಿ. ಅವತ್ತು ಪ್ರತಿ ಮಗುವೂ ತನ್ನ ಮನೆ ಬಗ್ಗೆ ಏನಾದ್ರೂ ಹೇಳಬೇಕು. ಅವತ್ತೂ ಬಾಯಿ ತೆರೀಲಿಲ್ಲ ಅಂದ್ರೆ ಮಾತು ಬಾರದ ಮಕ್ಕಳ ಶಾಲೆಗೆ ಕಳಿಸ್ತೀವಿ. ಅದು ದೂರ ಇದೆ. ವಾರವೆಲ್ಲ ಅಲ್ಲೇ ಇರಬೇಕಾಗುತ್ತೆ."

ಮಾತು ಬಾರದ ಮಗುವಂತೆ! ಮನೆಯಲ್ಲಿ ಅದರ ಅಡ್ಡಹೆಸರೇ ಪಟಾಕಿ. ಬೆಳಗ್ಗೆ ಹಲ್ಲುಜ್ಜುವಾಗ ಹತ್ತಿಕೊಂಡರೆ ರಾತ್ರಿ ಕಣ್ಣು ಮುಚ್ಚುವ ತನಕ ಚಟಪಟ. ಅಕ್ಕ ಇದನ್ನು ಹೇಳಿದಳು. ಟೀಚರ್ ತಲೆಯಾಡಿಸಿದರು, ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೆ ಎನ್ನುವ ಹಾಗೆ.

ಅಕ್ಕ ಎಂದು ಅವಳನ್ನು ಕರೆಯುತ್ತಿದ್ದುದು ಅವಳ ಓರಗಿತ್ತಿ. ನಾವೂ ಹಾಗೇ ಕರೆಯೋಣ. ಅಕ್ಕನ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆಯನ್ನು ಇಬ್ಬರು ಎದುರುಬದುರು ನಿಂತು, ಮೂಲೆ ಎಳೆದು ಹಿಡಿದು, ಇಸ್ತ್ರಿ ಯಂತ್ರದ ಕಾದ ಉರುಳೆಯ ಬಾಯಿಗೆ ಕೊಡಬೇಕು. ಒಂದು ಗಳಿಗೆ ಮೈಮರೆತರೆ ಬಟ್ಟೆಯ ಜೊತೆ ಬೆರಳೂ ಒಳಗೆ. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಹುಬ್ಬು ಏರಿಸಿದರೆ "ಎಳಿ", ಗದ್ದ ಇಳಿಸಿದರೆ "ಬಿಡು". ಹೀಗೆ ದಿನವಿಡೀ ಸನ್ನೆಯಲ್ಲೇ ಬದುಕುವ ಹೆಂಗಸಿನ ಕಿವಿಗೆ ಶಾಲೆಯಲ್ಲಿನ ಮಗಳ ಮೌನ ಬೀಳದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಅವತ್ತು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವರ ಮನೆಯ ಇನ್ನೊಂದು ಸಂಗತಿ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಮನೆ ಬಾಡಿಗೆಗೆ ಸಿಕ್ಕಿದ್ದು ಮೂರು ಜನರಿಗೆ: ಗಂಡ, ಹೆಂಡತಿ, ಮಗು. "ನಾಲ್ಕನೆಯವರು ಕಂಡರೆ ಎಲ್ಲರೂ ಹೊರಗೆ" ಎಂದು ಮನೆಯೊಡತಿ ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಕಳೆದ ವರ್ಷ ಮೈದುನ ಕೆಲಸ ಹುಡುಕಿಕೊಂಡು ಹೆಂಡತಿಯ ಜೊತೆ ಬಂದ. "ಹತ್ತೇ ದಿನ, ಅತ್ತಿಗೆ" ಅಂದ. ಆ ಹತ್ತು ದಿನ ಹಿಗ್ಗಿ ಹಿಗ್ಗಿ ವರ್ಷವಾಯಿತು, ಈಗ ಓರಗಿತ್ತಿ ಬಸುರಿ ಬೇರೆ. ಮನೆಯೊಡತಿ ಆಗಾಗ ಹೇಳದೆ ಕೇಳದೆ ಬರುತ್ತಾಳೆ. ಗಂಟೆ ಬಾರಿಸಿತೋ, ಮೈದುನ ಹಿಂದಿನ ಮೆಟ್ಟಿಲಿಳಿದು ಮಾಯ. ಓರಗಿತ್ತಿ ಚಪ್ಪಲಿ ಕೈಯಲ್ಲಿ ಹಿಡಿದು ಬಚ್ಚಲಿಗೆ ಸೇರಿ, ಪರದೆ ಎಳೆದುಕೊಂಡು ಕೂರುತ್ತಾಳೆ. ಒಮ್ಮೆ ಅಲ್ಲೇ ಸೀನಿಬಿಟ್ಟಿದ್ದಳು. ಅಕ್ಕ ತಕ್ಷಣ ತಾನೇ ನಾಲ್ಕು ಸಲ ಸೀನಿ ಮಾನ ಉಳಿಸಿದ್ದಳು.

ಈ ಸಲ ಎಲೆ ಹಳದಿಗೆ ತಿರುಗುವ ಹೊತ್ತಿಗೆ ಪಟಾಕಿಯ ಹುಟ್ಟಿದ ದಿನ ಬಂತು. ಕಿಟಕಿಯ ಪರದೆ ಎಳೆದು, ಬಾಗಿಲ ಸಂದಿಗೆ ಟವೆಲ್ ತುರುಕಿ, ಐದೂ ಜನ ನೆಲದ ಮೇಲೆ ಕೂತು ಪಿಸುಗುಟ್ಟುತ್ತಲೇ ಹಾರೈಸಿದರು. ಚಪ್ಪಾಳೆಯನ್ನು ಎರಡೇ ಬೆರಳಿನಲ್ಲಿ ತಟ್ಟಿದರು. ಕಳ್ಳರು ಕೂಡ ಇದಕ್ಕಿಂತ ಧೈರ್ಯವಾಗಿ ಹಬ್ಬ ಮಾಡಿಯಾರು.

ಟೀಚರ್ ಮಾತು ಕೇಳಿ ಬಂದ ದಿನದಿಂದ ಅಕ್ಕನಿಗೆ ಅನ್ನ ಸೇರಲಿಲ್ಲ. ಗದರಿಸಿದಳು, ಮುದ್ದು ಮಾಡಿದಳು, ಹೊಸ ಶೂ ಕೊಡಿಸುತ್ತೇನೆಂದು ಆಸೆ ತೋರಿಸಿದಳು. ಶಾಲೆಯ ಸುದ್ದಿ ಎತ್ತಿದ ಕೂಡಲೇ ಮಗು ಕಿವುಡಾಗುತ್ತಿತ್ತು. ಗಂಡ ಒಂದು ದಿನ ಕೈ ಎತ್ತಿದ. ಹೊಡೆಯಲಿಲ್ಲ, ಎತ್ತಿದ ಕೈಯಿಂದ ತನ್ನ ತಲೆಯನ್ನೇ ಕೆರೆದುಕೊಂಡು ಹೊರಗೆ ಹೋದ.

ಸಂಭ್ರಮದ ದಿನ ಬೆಳಗ್ಗೆ ಅಕ್ಕ ಮಗಳ ಜಡೆ ಹೆಣೆಯುತ್ತಿದ್ದಳು. ಬೈತಲೆ ಎರಡು ಸಲ ಸೊಟ್ಟಗಾಯಿತು.

"ಇವತ್ತು ಮಾತಾಡ್ದೇ ಇದ್ರೆ ನಿನ್ನ ದೂರ ಕಳಿಸಿಬಿಡ್ತಾರೆ ಪುಟ್ಟಾ. ರಾತ್ರಿ ನಾನು ಪಕ್ಕದಲ್ಲಿ ಇರಲ್ಲ. ಗೊತ್ತಾಗುತ್ತಾ ನಿಂಗೆ?"

"ಗೊತ್ತು."

"ಮತ್ತೆ ಯಾಕೆ ಹೀಗೆ ಮಾಡ್ತೀಯ?"

ಪಟಾಕಿ ಬಚ್ಚಲ ಕಡೆ ನೋಡಿ ದನಿ ತಗ್ಗಿಸಿತು. "ಅಪ್ಪ ಹೇಳಿದ್ರಲ್ಲ, ನಾನು ಬಾಯಿ ತಪ್ಪಿ ಹೇಳಿದ್ರೆ ಚಿಕ್ಕಮ್ಮ ಬೀದಿಪಾಲು ಅಂತ. ಒಂದು ಮಾತಾಡಿದ್ರೆ ನನಗೆ ಇನ್ನೊಂದು ಬಂದುಬಿಡುತ್ತೆ ಅಮ್ಮ. ನಿಲ್ಲಿಸಕ್ಕೆ ಬರಲ್ಲ. ಅದಕ್ಕೇ ಶುರುನೇ ಮಾಡ್ಲಿಲ್ಲ."

ಅಕ್ಕನಿಗೆ ಎಲ್ಲ ನೆನಪಾಯಿತು. ಮೈದುನ ಬಂದ ವಾರವೇ ಗಂಡ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳಿಕೊಟ್ಟಿದ್ದ. ಮನೆಯಲ್ಲಿ ಎಷ್ಟು ಜನ? ಮೂರು. ಚಿಕ್ಕಮ್ಮ ಯಾರು? ಗೊತ್ತಿಲ್ಲ. ಸರಿಯಾಗಿ ಹೇಳಿದಾಗಲೆಲ್ಲ "ಜಾಣೆ" ಎಂದು ಕೆನ್ನೆ ಸವರಿದವಳು ಅಕ್ಕನೇ. ಮನೆಯೊಡತಿಯ ಮೊಮ್ಮಗಳು ಅದೇ ತರಗತಿಯವಳು, ಹುಷಾರು ಎಂದು ಹೆದರಿಸಿದವಳೂ ಅವಳೇ. ಇಷ್ಟೂ ದಿನ ಆ ಪುಟ್ಟ ಜೀವ ಗುಟ್ಟು ಕಾಯಲು ಇಡೀ ಬಾಯಿಗೇ ಬೀಗ ಹಾಕಿಕೊಂಡಿತ್ತು.

"ಬರೀ ನಿನ್ನ ಹೆಸರು ಹೇಳು. ಅಷ್ಟೇ ಸಾಕು," ಎಂದಳು ಅಕ್ಕ. ಹೇಳಿದ್ದು ಅವಳಿಗೇ ಸಮಾಧಾನ ಕೊಡಲಿಲ್ಲ.

ಶಾಲೆಯ ಹಾಲ್ ತುಂಬಿತ್ತು. ಮಕ್ಕಳು ಒಣಗಿದ ಎಲೆಗಳನ್ನು ರಟ್ಟಿನ ಮೇಲೆ ಅಂಟಿಸಿ ತಮ್ಮ ತಮ್ಮ ಮನೆ ಮಾಡಿದ್ದರು. ಒಬ್ಬೊಬ್ಬರೇ ವೇದಿಕೆಗೆ ಬಂದು ತೋರಿಸಿ, ಎರಡು ಮಾತು ಹೇಳಿ ಇಳಿಯುತ್ತಿದ್ದರು. ಎರಡನೇ ಸಾಲಿನಲ್ಲಿ ಮನೆಯೊಡತಿ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಮೊಮ್ಮಗಳ ಸರದಿ ಮುಗಿದಿತ್ತು, ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಪಟಾಕಿ ಬಂದಿತು. ಅದರ ರಟ್ಟನ್ನು ನೋಡಿದ್ದೇ ಅಕ್ಕ ಮನೆಯೊಡತಿಯ ಕಡೆ ತಿರುಗಿದಳು. ರಟ್ಟಿನ ಮನೆಯಲ್ಲಿ ಎಲೆಯ ಐದು ಜನ. ಅವರಲ್ಲೊಬ್ಬಳ ಹೊಟ್ಟೆಯ ಮೇಲೆ ಒಂದು ಸಣ್ಣ ಬೀಜ ಅಂಟಿಸಿತ್ತು. ಬಾಯಿಂದ ಹೇಳದ್ದನ್ನೆಲ್ಲ ಮಗು ಕೈಯಿಂದ ಮಾಡಿಟ್ಟಿತ್ತು.

"ಇವರೆಲ್ಲ ಯಾರು?" ಟೀಚರ್ ಮೆಲ್ಲಗೆ ಕೇಳಿದರು.

ಮಗು ಸುಮ್ಮನಿತ್ತು. ಟೀಚರ್ ಮತ್ತೊಮ್ಮೆ ಕೇಳಿ, ಕಾದು, ಕೊನೆಗೆ ನಿಟ್ಟುಸಿರಿಟ್ಟು ಅದರ ಭುಜದ ಮೇಲೆ ಕೈಯಿಟ್ಟರು. ಇನ್ನು ಕೆಳಗಿಳಿಸುತ್ತಾರೆ. ಮಗು ತಾಯಿಯನ್ನೇ ನೋಡುತ್ತಿತ್ತು. ಅಪ್ಪಣೆ ಕೇಳುತ್ತಿದೆ ಎಂದು ಅಕ್ಕನಿಗೆ ತಿಳಿಯಿತು. ಅತ್ತ ಬಸುರಿ ಹೆಂಗಸು, ಚಳಿಗಾಲ ಬೇರೆ ಬಾಗಿಲಲ್ಲಿದೆ. ಇತ್ತ ತನ್ನ ಕೂಸು, ಯಾವುದೋ ದೂರದ ಕೋಣೆಯಲ್ಲಿ, ಇರುವ ಮಾತನ್ನೂ ಕಳೆದುಕೊಂಡು. ಯಾರನ್ನು ಬಿಡಲಿ? ಅವಳು ಎದ್ದು ನಿಂತಳು. ತಾನು ನಿಂತದ್ದು ಅವಳಿಗೇ ಗೊತ್ತಿರಲಿಲ್ಲ.

"ಹೇಳು ಮಗಳೇ," ಎಂದಳು ಕನ್ನಡದಲ್ಲಿ, ಹಾಲಿನ ಆ ತುದಿಗೂ ಕೇಳುವ ಹಾಗೆ. "ಎಲ್ಲಾ ಹೇಳಿಬಿಡು. ಅಮ್ಮ ಇದೀನಿ."

ಪಟಾಕಿ ಹತ್ತಿಕೊಂಡಿತು. ಅಲ್ಲಿಯ ಭಾಷೆ ಅದರ ಬಾಯಲ್ಲಿ ಅಷ್ಟು ಸಲೀಸಾಗಿ ಹರಿಯುತ್ತದೆಂದು ಟೀಚರ್‌ಗೂ ಗೊತ್ತಿರಲಿಲ್ಲ, ತಾಯಿಗೂ ಗೊತ್ತಿರಲಿಲ್ಲ. ಇದು ಅಪ್ಪ, ಗೊರಕೆ ಹೊಡೆಯುತ್ತಾರೆ. ಇದು ಅಮ್ಮ, ಅವಳ ಕೈ ಯಾವಾಗಲೂ ಬಿಸಿ. ಇದು ಚಿಕ್ಕಪ್ಪ. ಇದು ಚಿಕ್ಕಮ್ಮ, ಗಂಟೆ ಬಾರಿಸಿದರೆ ಬಚ್ಚಲಲ್ಲಿ ಇರುತ್ತಾರೆ. ಇದು ಪಾಪು, ಇನ್ನೂ ಬಂದಿಲ್ಲ, ಬಂದ ಮೇಲೆ ಅಳಬಾರದು ಅಂತ ನಾನು ಕಲಿಸುತ್ತೇನೆ. ಜನ ಮೊದಲು ನಕ್ಕರು. ಕೊನೆಯ ಮಾತಿಗೆ ಯಾರೂ ನಗಲಿಲ್ಲ. ಟೀಚರ್ ಮೂಗು ಒರೆಸಿಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಮನೆಯೊಡತಿ ಕುರ್ಚಿಗಳ ಸಾಲು ದಾಟಿ ನೇರ ಬಂದಳು. ಮಗುವಿನ ಕಡೆ ನೋಡಲಿಲ್ಲ.

"ತಿಂಗಳ ಕೊನೆಗೆ ಮನೆ ಖಾಲಿಯಾಗಬೇಕು," ಎಂದಳು.

"ಆಯ್ತು," ಎಂದಳು ಅಕ್ಕ. ಬೇಡಿಕೊಳ್ಳಬೇಕು ಎಂದು ನಾಲಿಗೆಯ ತುದಿಗೆ ಬಂದದ್ದನ್ನು, ಮಗಳು ಪಕ್ಕದಲ್ಲಿದ್ದಾಳೆಂದು ನುಂಗಿಕೊಂಡಳು.

ದಾರಿಯುದ್ದಕ್ಕೂ ಪಟಾಕಿ ನಿಲ್ಲಲಿಲ್ಲ. ಯಾರು ಎಲ್ಲಿ ಕೂರುತ್ತಾರೆ, ಯಾರ ಹಲ್ಲು ಬಿದ್ದಿದೆ, ಟೀಚರ್ ಯಾವ ಪೆನ್ನು ಕಚ್ಚುತ್ತಾರೆ, ಒಂದು ವರ್ಷದ್ದೆಲ್ಲ ಒಟ್ಟಿಗೇ ಹೊರಗೆ ಬಂತು. ಓರಗಿತ್ತಿಗೆ ಏನು ಹೇಳುವುದು ಎಂದು ಅಕ್ಕ ಒಂದೊಂದೇ ಮಾತು ಜೋಡಿಸಿ ನೋಡುತ್ತಿದ್ದಳು. ಯಾವುದೂ ಕೂಡಿಬರಲಿಲ್ಲ. ಮನೆಯ ಬೀದಿಗೆ ತಿರುಗುವಾಗ ಮಗು ಥಟ್ಟನೆ ನಿಂತು ಅವಳ ಸೆರಗು ಜಗ್ಗಿತು.

"ಅಮ್ಮಾ, ಆ ಅಜ್ಜಿ ಯಾಕೆ ಹಾಗಂದ್ರು? ನಾನು ತಪ್ಪು ಹೇಳಿದ್ನಾ?"

"ಇಲ್ಲ ಪುಟ್ಟಾ," ಎಂದಳು ಅಕ್ಕ. "ತಪ್ಪು ಹೇಳಿಕೊಟ್ಟಿದ್ದು ನಾವು."