ರಾಗಿ ಮೂಟೆಗಳ ನಡುವೆ ಧ್ಯಾನ

ದುದ್ದದ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಕೆಲಸದಲ್ಲಿದ್ದ ಗೌರೀಶನಿಗೆ ಮೂವತ್ತೊಂದು ತುಂಬಿತ್ತು. ಆರು ಕಡೆ ಹೆಣ್ಣು ನೋಡಿ, ಆರೂ ಕಡೆ ಬೇಡವೆನಿಸಿಕೊಂಡಿದ್ದ. ತಪ್ಪು ಮುಖದ್ದಲ್ಲ, ಬಾಯಿಯದು. ಹುಡುಗಿ ತಟ್ಟೆ ಹಿಡಿದು ಬಂದಳೆಂದರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ತಾನೇ ಓಡುತ್ತಿತ್ತು. ಅರಕಲಗೂಡಿನ ಮನೆಯೊಂದರಲ್ಲಿ ಜನ ಹಾಲಿಗೆ ಎಷ್ಟು ಬಗೆಯಲ್ಲಿ ನೀರು ಬೆರೆಸುತ್ತಾರೆಂದು ಮುಕ್ಕಾಲು ಗಂಟೆ ವಿವರಿಸಿದ್ದ. ಆ ಮನೆಯವರೂ ಡೇರಿಗೆ ಹಾಲು ಹಾಕುವವರೇ ಎಂಬುದು ಚಪ್ಪಲಿ ಮೆಟ್ಟುವಾಗ ತಿಳಿಯಿತು.

ಏಳನೆಯದು ದಂಡಿಗನಹಳ್ಳಿಯ ಸಂಬಂಧ. ತೇಜಶ್ರೀಯ ಫೋಟೊ ನೋಡಿದವನೇ ಇದೊಂದು ಕೈತಪ್ಪಬಾರದೆಂದುಕೊಂಡ. ಹೋಗಲು ಒಂದು ತಿಂಗಳಿತ್ತು. ಅಷ್ಟರಲ್ಲಿ ಸುಮ್ಮನೆ ಕೂರುವುದನ್ನು ಕಲಿಯಬೇಕು. ರಾಗಿ ಮೂಟೆಗಳ ಕೋಣೆಯಲ್ಲಿ ನಾಲ್ಕಡಿ ಜಾಗ ಬಿಡಿಸಿ, ಗೋಡೆಗೆ ಸುಣ್ಣ ಹೊಡೆದು, ಆನ್‌ಲೈನಿನಲ್ಲಿ ದಿಂಬು, ಶಾಲು ತರಿಸಿದ. ಬೂದು ಬಣ್ಣ ಖಾಲಿಯಾಗಿತ್ತು, ಕಾವಿ ಬಂತು. ವಾಪಸ್ ಕಳಿಸಲು ಸೋಮಾರಿತನ.

ತಾಯಿ ನೀಲಾಂಬಿಕೆ ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ಅಡುಗೆಮನೆ ಮೂಲೆಯ ಮಣೆಯ ಮೇಲೆ ಕೂತು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ಪೂಜೆ ಮಾಡುವವಳು. ದಿಂಬನ್ನು ಅಮುಕಿ ನೋಡಿದಳು.

"ಇದೇನ್ಲಾ, ದ್ಯಾನ ಮಾಡಕ್ಕಾ, ಮನಿಕ್ಕಳಕ್ಕಾ?"

ಮೊದಲ ವಾರ ಎರಡನೆಯದೇ ಆಯಿತು. ಎರಡನೇ ವಾರ ಇಲಿ ಬಂತು. ಮೂರನೇ ವಾರಕ್ಕೆ ಅವನು ಉಸಿರೆಣಿಸುತ್ತ ಅರ್ಧ ಗಂಟೆ ಬಾಯಿ ಬಿಡದೆ ಕೂತ.

ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಕಿಟಕಿಯಲ್ಲಿ ಇಣುಕಿದಳು. ಕಾವಿ ಶಾಲು, ಮುಚ್ಚಿದ ಕಣ್ಣು. ಇನ್ನೇನು ಬೇಕು? ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: "ಗೌರೀಶ ಮಠ ಸೇರ್ತಾನಂತೆ ಕಣವ್ವ. ಮದ್ವೆ ಬ್ಯಾಡ್ವಂತೆ." ಮಾತು ಬಸ್ಸು ಹತ್ತಿ ದಂಡಿಗನಹಳ್ಳಿಗೂ ಹೋಯಿತು. ಗೊತ್ತಾಗದೇ ಉಳಿದವರು ತಾಯಿ, ಮಗ ಇಬ್ಬರೇ.

ಹೆಣ್ಣು ನೋಡುವ ದಿನ ಗೌರೀಶ ದಂಡಿಗನಹಳ್ಳಿಯ ಮನೆಯಲ್ಲಿ ತಾಯಿಯ ಪಕ್ಕ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ತಗ್ಗಿಸಿ ಕೂತ.

"ಬಸ್ಸಲ್ಲಿ ಸೀಟ್ ಸಿಕ್ತಾ?" ತೇಜಶ್ರೀಯ ತಂದೆ ಅಮರನಾಥ ಕೇಳಿದರು. ಗೌರೀಶನದು ಬರೀ ಮಂದಹಾಸ.

"ಇನ್ನೊಂಚೂರು ಉಪ್ಪಿಟ್ಟು?" ಮತ್ತೆ ಮಂದಹಾಸ.

ಅಮರನಾಥರ ಮುಖ ಇಳಿಯಿತು. ಕೇಳಿದ್ದು ನಿಜ! ಅಷ್ಟರಲ್ಲಿ ಅವರ ತಾಯಿ ದಾಕ್ಷಾಯಣಮ್ಮ ಎದ್ದು, ಸೆರಗು ಹೊದ್ದು ಬಂದು ಗೌರೀಶನ ಕಾಲಿಗೆ ಅಡ್ಡಬಿದ್ದರು.

"ಶರಣು ಬುದ್ಧೀ. ನಮ್ಮನೇಗೆ ಪಾದ ಇಕ್ಕಿದ್ರಲ್ಲ!"

"ಅಯ್ಯೋ, ಏಳಿ ಅಮ್ಮಾ! ಅವ್ನು ಸ್ವಾಮೀನೂ ಅಲ್ಲ, ಗೀಮೀನೂ ಅಲ್ಲ!" ನೀಲಾಂಬಿಕೆ ಅಜ್ಜಿಯ ರಟ್ಟೆ ಹಿಡಿದೆತ್ತಿದಳು. ಗೌರೀಶ ಉಸಿರಿನ ಎಣಿಕೆ ತಪ್ಪಿ ಗಬಕ್ಕನೆ ಕಾಲು ಹಿಂದಕ್ಕೆಳೆದುಕೊಂಡ.

ತೇಜಶ್ರೀ ನಗು ತಡೆದುಕೊಂಡು, "ಅಪ್ಪಾ, ನಾನೇ ಒಂದ್ಮಾತು ಕೇಳ್ತೀನಿ," ಎಂದು ಅವನನ್ನು ಹಿತ್ತಲಿಗೆ ಕರೆದೊಯ್ದಳು.

"ಮಠಕ್ಕೆ ಓಗೋದಿದ್ರೆ ಈಗ್ಲೇ ಹೇಳ್ಬುಡಿ. ತಾಳಿ ಕಟ್ಟಿ ಆಮೇಲೆ ಓಗ್ಬ್ಯಾಡಿ."

"ಇಲ್ಲಾರೀ! ಹೆಣ್ಣು ನೋಡಕ್ಕೋದ್ರೆ ಭಯಕ್ಕೆ ಬಾಯಿಗ್ ಬಂದಿದ್ದೆಲ್ಲ ಒದರ್ತೀನಿ. ಸುಮ್ನಿರೋದು ಕಲಿಯೋಣ ಅಂತ ರಾಗಿ ಮೂಟೆ ಕೋಣೇಲಿ ಜಾಗ ಮಾಡ್ಕೊಂಡು ಕೂತೆ. ಕಲ್ತೂಬುಟ್ಟೆ, ಅದೇ ಎಡವಟ್ಟಾಗೋಯ್ತು."

ತೇಜಶ್ರೀ ಕಿಸಕ್ಕನೆ ನಕ್ಕಳು.

"ಆ ಕೋಣೇಲಿ ಬೆಳಕು ಬತ್ತದಾ?"

"ಪೂರ್ವಕ್ಕೆ ಕಿಟಕಿ ಅದೆ."

"ಪ್ಲಗ್ ಪಾಯಿಂಟು?"

"ಒಂದದೆ. ಯಾಕೆ?"

"ನಾನು ಬ್ಲೌಸ್ ಹೊಲಿಯೋಳು. ಮಿಷನ್‌ಗೆ ಮೋಟ್ರು ಹಾಕ್ಸಿದೀನಿ, ಬೆಳಗಿಂದ ಸಂಜೆಗಂಟ ಗರ್ ಅಂತದೆ. ಆ ಕೋಣೆ ನಂಗೆ ಬುಟ್ಕೊಟ್ರೆ ನನ್ ಒಪ್ಗೆ ಅದೆ."

ಮನಸ್ಸಿನ ಶಾಂತಿಗೆಂದು ತಿಂಗಳಿಡೀ ಗುಡಿಸಿ, ಬಳಿದು, ಇಲಿಯೊಡನೆ ಕಾದಾಡಿ ದಕ್ಕಿಸಿಕೊಂಡ ಜಾಗವನ್ನು ಗೌರೀಶ ಅರೆಗಳಿಗೆಯೂ ಯೋಚಿಸದೆ ಬಿಟ್ಟುಕೊಟ್ಟ.

"ಇವತ್ತೇ ಖಾಲಿ ಮಾಡ್ತೀನಿ."

"ಅವಸರ ಬ್ಯಾಡ," ಎಂದಳು ತೇಜಶ್ರೀ. "ಮೊದ್ಲು ನಮ್ಮಜ್ಜಿ ಕಾಲಿಗೆ ನೀವು ಬಿದ್ಬನ್ನಿ."