ಬಿಚ್ಚದೆ ಉಳಿದ ಗಂಟು

ಹೋದ ವಾರ ಟ್ರಂಕಿನ ತಳದಲ್ಲಿ ಹಳೆಯ ಸರ್ಟಿಫಿಕೇಟು ಹುಡುಕುತ್ತಿದ್ದಾಗ ಬ್ಯಾಂಡೇಜ್ ಬಟ್ಟೆಯ ಒಂದು ಪಟ್ಟಿ ಕೈಗೆ ಸಿಕ್ಕಿತು. ಎರಡು ಬೆರಳು ಅಗಲ, ಒಂದು ಮಾರು ಉದ್ದ. ಬಿಳಿ ಬಣ್ಣ ಹೋಗಿ ಚಹಾದ ಬಣ್ಣಕ್ಕೆ ತಿರುಗಿದೆ. ಮೂಗಿಗೆ ಹಿಡಿದೆ. ಸ್ಪಿರಿಟ್ಟಿನ ವಾಸನೆ ಬಂತು. ಅದು ಸುಳ್ಳು ಎಂದು ನರ್ಸಾದ ನನಗೆ ಗೊತ್ತು. ಮುಚ್ಚಳ ಮರೆತರೆ ಸಂಜೆಯೊಳಗೆ ಹಾರಿಹೋಗುವ ಸ್ಪಿರಿಟ್ಟು ಇಷ್ಟು ವರ್ಷ ಬಟ್ಟೆಯಲ್ಲಿ ಕೂತಿರುತ್ತದೆಯೇ? ಆದರೂ ಬಂತು. ಪಟ್ಟಿಯ ನಡುವೆ ಒಂದೇ ಒಂದು ಗಂಟು ಇತ್ತು. ಸರ್ಟಿಫಿಕೇಟು ಹುಡುಕುವುದನ್ನು ಬಿಟ್ಟು ಅಲ್ಲೇ ನೆಲದ ಮೇಲೆ ಕೂತೆ.

ಅದು ನಮ್ಮ ದೊಡ್ಡ ಸಿಸ್ಟರ್ ಅವರ ಪಟ್ಟಿ.

ತೊಂಬತ್ತರ ದಶಕದ ಕೊನೆ ಇರಬೇಕು. ನಾನು ಸೇಡಂನ ಹುಡುಗಿ, ಗುಲ್ಬರ್ಗಾದಲ್ಲಿ ನರ್ಸಿಂಗ್ ಮುಗಿಸಿ ಶಹಾಬಾದ್ ಮತ್ತು ವಾಡಿಯ ನಡುವೆ, ರೈಲು ಹಳಿಗೆ ಹತ್ತಿರದ ಒಂದು ಆಸ್ಪತ್ರೆಗೆ ಕೆಲಸಕ್ಕೆ ಸೇರಿದೆ. ಯಾವುದೋ ಮಂಡಳಿ ನಡೆಸುತ್ತಿದ್ದ ಆಸ್ಪತ್ರೆ. ಈಗ ಅದು ಇಲ್ಲ. ಮೂವತ್ತೆರಡು ಮಂಚ. ನರ್ಸುಗಳು ಹಾಜರಿ ಪುಸ್ತಕದ ಪ್ರಕಾರ ಆರು ಮಂದಿ, ಕಣ್ಣಿಗೆ ಕಾಣುವವರು ಮೂವರು. ಮೂರನೆಯವಳು ನಾನು. ಹೊಸ ಕ್ಯಾಪು, ಹೊಸ ವಾಚು, ನಡಿಗೆಯಲ್ಲಿ ದೊಡ್ಡ ಧಿಮಾಕು... ಮಂತ್ರಕ್ಕಿಂತ ಉಗುಳು ಜಾಸ್ತಿ ಅಂತಾರಲ್ಲ, ಹಾಗೆ.

ದೊಡ್ಡ ಸಿಸ್ಟರ್‌ಗೆ ಆಗಲೇ ಐವತ್ತು ದಾಟಿತ್ತು. ಎತ್ತರದ, ಕಪ್ಪನೆಯ ಹೆಂಗಸು. ರೋಗಿಗಳು ಅವರನ್ನು "ಬಾಯಾರು" ಎನ್ನುತ್ತಿದ್ದರು. ವಾರ್ಡಿಗೆ ಹಾಸಿದ್ದ ಪರಸಿ ಕಲ್ಲಿನ ಮೇಲೆ ಅವರು ಚಪ್ಪಲಿ ಇಲ್ಲದೆ ಓಡಾಡುತ್ತಿದ್ದರು. ಕಲ್ಲು ತಂಪು, ಕಾಲುರಿ ಕಡಿಮೆಯಾಗುತ್ತದೆ ಎಂದು ಹೇಳುತ್ತಿದ್ದರು. ಬಿಳಿ ಸೀರೆಯ ನಡುವಿಗೆ ಈ ಪಟ್ಟಿ ಸುತ್ತಿರುತ್ತಿತ್ತು. ಬೆಳಿಗ್ಗೆ ಡಾಕ್ಟರ ಹಿಂದೆ ಮಂಚದಿಂದ ಮಂಚಕ್ಕೆ ಹೋಗುವಾಗ ಅವರ ಬೆರಳು ಒಂದೊಂದೇ ಗಂಟು ಹಾಕುತ್ತ ಹೋಗುತ್ತಿತ್ತು. ಈ ರೋಗಿಗೆ ಹತ್ತು ಗಂಟೆಯ ಸೂಜಿ, ಒಂದು ಗಂಟು. ಆ ಮುದುಕಿಗೆ ಡ್ರೆಸ್ಸಿಂಗು, ಒಂದು ಗಂಟು. ಕೆಲಸ ಮುಗಿದ ಹಾಗೆ ಗಂಟು ಬಿಚ್ಚುವುದು. ಚಾರ್ಟ್ ಇರಲಿಲ್ಲವೆಂದಲ್ಲ, ಪ್ರತಿ ಮಂಚದ ಕಾಲಿಗೂ ನೇತಾಡುತ್ತಿತ್ತು. ಅದರಲ್ಲಿ ಬರೆಯಲು ಪುರುಸೊತ್ತು ಬೇಕಲ್ಲ? ಸಂಜೆ ಪಟ್ಟಿ ನುಣ್ಣಗಾದ ಮೇಲೆ ಕೂತು ಎಲ್ಲ ಚಾರ್ಟುಗಳನ್ನೂ ಒಟ್ಟಿಗೆ ಬರೆಯುತ್ತಿದ್ದರು. ಅಲ್ಲಿಯವರೆಗೆ ಚಹಾ ಮುಟ್ಟುತ್ತಿರಲಿಲ್ಲ.

ಮೊದಲ ದಿನ ನಾನು ನಕ್ಕೆ. ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟಿಲ್ಲವೆಂದೆ. ಅವರು ಸಿಟ್ಟಾಗಲಿಲ್ಲ. ಅವರದು ಚಿತ್ತಾಪುರದ ಕಡೆ ಕಾಗಿಣಾ ಹೊಳೆಯ ದಂಡೆಯ ಮನೆತನ; ತಂದೆ ಜನರನ್ನು ದಾಟಿಸಲು ಹರಗೋಲು ಹಾಕುತ್ತಿದ್ದರಂತೆ. ಮುಂಜಾನೆ ಕಳೆ ತೆಗೆಯಲು ಆಚೆ ದಂಡೆಗೆ ಹೋಗುವ ಪ್ರತಿಯೊಬ್ಬರ ಲೆಕ್ಕಕ್ಕೆ ಹಗ್ಗದಲ್ಲಿ ಒಂದು ಗಂಟು ಹಾಕುವುದು, ಸಂಜೆ ಈಚೆ ಕರೆತಂದಾಗ ಬಿಚ್ಚುವುದು. ಓದು ಬಾರದ ಮನುಷ್ಯ ಮೂವತ್ತು ವರ್ಷ ಹಾಗೆ ಮಾಡಿದರು.

"ಒಂದು ಗಂಟ ಉಳದದ ಅಂದ್ರ ಆಚಿ ದಂಡ್ಯಾಗ ಯಾರೋ ನಿಂತಾರ ಅಂತ ತಿಳೀಬೇಕವ್ವಾ. ನಮ್ಮಪ್ಪ ಹರಗೋಲ ಕಟ್ಟತಿದ್ದಿಲ್ಲ, ಕಾಯ್ತಿದ್ದ," ಎಂದರು.

ನಾನು ನಗುವುದನ್ನು ನಿಲ್ಲಿಸಿದ್ದು ಆ ಬೇಸಿಗೆಯಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತು. ಮಂಚಗಳು ತುಂಬಿ, ನೆಲ ತುಂಬಿ, ಜನ ವರಾಂಡದಲ್ಲಿ ಮಲಗಿದರು. ಕಿಟಕಿಯ ಸರಳುಗಳಿಗೆ ಸಲೈನ್ ಬಾಟಲಿ ಕಟ್ಟಿದೆವು. ನಾನು ಒಂದು ಕಡೆಯಿಂದ ನಾಲ್ಕು ಬಾಟಲಿ ಬದಲಿಸುವಷ್ಟರಲ್ಲಿ ಮೊದಲನೆಯದು ಯಾವುದೆಂದು ಮರೆತು ಅಳುವ ಹಾಗಾಗಿತ್ತು. ದೊಡ್ಡ ಸಿಸ್ಟರ್ ಓಡುತ್ತಿರಲಿಲ್ಲ. ನಡೆಯುತ್ತಿದ್ದರು, ಅಷ್ಟೇ. ಒಂದು ಕೈ ರೋಗಿಯ ನಾಡಿಯ ಮೇಲೆ, ಇನ್ನೊಂದು ಪಟ್ಟಿಯ ಮೇಲೆ. ಪಟ್ಟಿಯಲ್ಲಿ ಜಾಗವಿಲ್ಲದೆ ಗಂಟಿನ ಮೇಲೆ ಗಂಟು ಬಿದ್ದು ಅದು ರುದ್ರಾಕ್ಷಿ ಸರದಂತೆ ಆಗಿತ್ತು. ಯಾವ ಗಂಟು ಯಾರದೆಂದು ಆ ಬೆರಳಿಗೆ ಹೇಗೆ ಗೊತ್ತಾಗುತ್ತಿತ್ತೋ... ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ನನಗೆ ತಿಳಿದಿಲ್ಲ. ಸಂಜೆ ಅವರು ಪಟ್ಟಿಯನ್ನು ಎರಡೂ ಕೈಯಲ್ಲಿ ಎಳೆದು ತೋರಿಸಿದರು. ನುಣ್ಣಗಿತ್ತು. ಒಬ್ಬರೂ ಸತ್ತಿರಲಿಲ್ಲ. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಬಿದ್ದರೆ ಮತ್ತೆ ಏಳಲು ಆಗಲಿಕ್ಕಿಲ್ಲವೆಂದು ಸುಮ್ಮನಾದೆ, ಅಷ್ಟು ದಣಿದಿದ್ದೆ.

ಮರುವರ್ಷ ನಮ್ಮೊಂದಿಗಿದ್ದ ನರ್ಸು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಉಳಿದದ್ದು ನಾವಿಬ್ಬರು. ಬದಲಿಗೆ ಯಾರೂ ಬರಲಿಲ್ಲ. ಅದೇ ತಿಂಗಳು ಮಂಡಳಿಯವರು ಆಸ್ಪತ್ರೆಯ ಗೇಟಿಗೆ ಬಣ್ಣ ಹೊಡೆಸಿ ಕಮಾನು ಕಟ್ಟಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ದೊಡ್ಡ ಸಿಸ್ಟರ್ ನಾಲ್ಕು ಸಲ ಹೋಗಿ ನರ್ಸು ಬೇಕೆಂದು ಕೇಳಿದರು. ಕಾರ್ಯದರ್ಶಿ ಪ್ರತಿ ಸಲವೂ ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟು ಒಂದೇ ಮಾತು ಹೇಳುತ್ತಿದ್ದರು: "ನೀವು ಇರೂತನಕ ನಮಗೇನ್ ಚಿಂತಿ ಅದ ಹೇಳ್ರಿ, ಬಾಯಾರ?" ಹೊಗಳಿಕೆಯೇ. ಇಂಥ ಹೊಗಳಿಕೆಯಿಂದ ಮನುಷ್ಯರು ಹೇಗೆ ಸವೆಯುತ್ತಾರೆಂದು ನಾನು ಕಣ್ಣಾರೆ ನೋಡಿದೆ.

ನಾನಂತೂ ಮೊದಲೇ ಸವೆದಿದ್ದೆ. ರೊಟ್ಟಿ ಮುರಿದು ಬಾಯಿಗಿಡುವ ಮೊದಲೇ ಯಾರೋ ಕರೆಯುತ್ತಿದ್ದರು. ಚಿಮ್ಮನಚೋಡದಿಂದ ಬಂದ ಒಬ್ಬ ಅಜ್ಜಿ ಮೂರನೆಯ ಸಲ ನೀರು ಕೇಳಿದಳೆಂದು ನಾನು ಅವಳ ಮೇಲೆ ಚೀರಿದೆ. ಅಜ್ಜಿ ಮುಖದ ಮೇಲೆ ಸೆರಗು ಎಳೆದುಕೊಂಡಳು. ನನಗೆ ನಾಚಿಕೆಯೂ ಆಗಲಿಲ್ಲ, ಅದಕ್ಕೇ ಭಯವಾಯಿತು. ಅಂದೇ ರಾಜೀನಾಮೆ ಬರೆದು ಕ್ಯಾಪಿನ ಮಡಿಕೆಯಲ್ಲಿ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಇವತ್ತು ಕೊಡುತ್ತೇನೆ ಅಂದುಕೊಳ್ಳುವುದು, ದೊಡ್ಡ ಸಿಸ್ಟರ್ ಬರಿಗಾಲಲ್ಲಿ ನಡೆಯುವುದನ್ನು ನೋಡಿ ನಾಳೆಗೆ ಹಾಕುವುದು. ಅವರೊಬ್ಬರನ್ನೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅವರು ಇರುವವರೆಗೆ ನಾನಿರಬೇಕು ಎಂದುಕೊಂಡೆ. ಅವರು ಹೋಗಿಬಿಡಬಹುದು ಎಂಬ ಯೋಚನೆಯೇ ನನ್ನ ತಲೆಗೆ ಹೊಳೆದಿರಲಿಲ್ಲ.

ಆ ದಿನ ವಾರ್ಡಿನಲ್ಲಿ ನಲವತ್ತೊಂದು ಮಂದಿ ಇದ್ದರು. ಭಂಕೂರಿನ ಒಬ್ಬ ಕಲ್ಲುಗಣಿ ಕೆಲಸದವನು ಅಂಗೈ ಜಜ್ಜಿಸಿಕೊಂಡು ಬಂದಿದ್ದ. ಗಾಯ ಕೀವಾಗಿ ಜ್ವರ ಏರಿತ್ತು. ನಾಲ್ಕು ಗಂಟೆಗೆ ಸೂಜಿ ಕೊಡಬೇಕಿತ್ತು. ಸಂಜೆ ಆರಕ್ಕೆ ದೊಡ್ಡ ಸಿಸ್ಟರ್ ಪಟ್ಟಿ ಎಳೆದು ನೋಡಿಕೊಂಡರು. ನುಣ್ಣಗಿತ್ತು. ಚಹಾದ ಗ್ಲಾಸು ಬಾಯಿಗೆ ಹಿಡಿದರು. ಆಗ ಅವನ ಹೆಂಡತಿ ಬಾಗಿಲ ಹತ್ತಿರ ಬಂದು ನಿಂತಳು. ಮಾತಿನಲ್ಲಿ ದೂರು ಇರಲಿಲ್ಲ, ಬರೀ ಕೇಳಿದಳು: "ಬಾಯಾರ, ಇವತ್ತ ನಾಕರ ಸೂಜಿ ಇಲ್ಲೇನ್ರಿ?"

ದೊಡ್ಡ ಸಿಸ್ಟರ್ ಪಟ್ಟಿ ನೋಡಿದರು. ಅವಳನ್ನು ನೋಡಿದರು. ಮತ್ತೆ ಪಟ್ಟಿ ನೋಡಿದರು. ಗ್ಲಾಸು ಕೆಳಗಿಟ್ಟು ಎದ್ದು ಹೋಗಿ, ಡಾಕ್ಟರಿಗೆ ಹೇಳಿ, ಸೂಜಿ ಕೊಟ್ಟರು. ಅವನಿಗೆ "ನನ್ನ ತಪ್ಪು, ತಮ್ಮಾ" ಎಂದರು. ಅವನು ಗಾಬರಿಯಾಗಿ, ಇರಲಿ ಬಿಡ್ರಿ ಎಂದ. ನಿಜವಾಗಿಯೂ ಏನೂ ಆಗಲಿಲ್ಲ. ಎರಡು ದಿನದಲ್ಲಿ ಜ್ವರ ಇಳಿಯಿತು. ಆದರೆ ಅವರು ಕೋಣೆಗೆ ಬಂದು ಕೂತು ಆ ಪಟ್ಟಿಯಲ್ಲಿ ಒಂದು ಗಂಟು ಹಾಕಿದರು. ಸೂಜಿ ಕೊಟ್ಟಾದ ಮೇಲೆ ಹಾಕಿದ ಗಂಟು. ಹಾಗೆ ಅವರು ಎಂದೂ ಮಾಡಿದವರಲ್ಲ.

ನಾನು ಸಮಾಧಾನ ಹೇಳಲು ಹೋದೆ. ಯಾರಾದರೂ ಮರೆಯುತ್ತಾರೆ ಸಿಸ್ಟರ್, ಎಂದೆ.

"ಮರತಿದ್ರ ಗಂಟ ಉಳೀತಿತ್ತು. ನಾ ಕೊಡಲಾರದೇ ಬಿಚ್ಚೀನಿ. ಬಿಚ್ಚಿದ್ದೂ ಗೊತ್ತಿಲ್ಲ ನನಗ. ಕೈ ತಾನಾ ಬಿಚ್ಚಲಿಕತ್ತದ, ಕೆಲಸ ಮುಗೀಲಿ ಅಂತ." ಹಾಕಿದ ಗಂಟನ್ನು ಇನ್ನಷ್ಟು ಬಿಗಿದು ಹೇಳಿದರು, "ಆಚಿ ದಂಡ್ಯಾಗ ಒಬ್ಬನ್ನ ಬಿಟ್ಟು ಹರಗೋಲ ಕಟ್ಟಿ ಚಾ ಕುಡೀಲಿಕ್ಕ ಕುಂತಿದ್ದೆ, ನೋಡು."

ಮರುದಿನ ರಾಜೀನಾಮೆ ಕೊಟ್ಟರು. ಅರ್ಜಿಯಲ್ಲಿ ವಯಸ್ಸಿನ ಮಾತಿಲ್ಲ, ಕಾಲುನೋವಿನ ಮಾತಿಲ್ಲ. ನಿನ್ನೆ ಈ ವಾರ್ಡಿನಲ್ಲಿ ನಲವತ್ತೊಂದು ರೋಗಿಗಳಿಗೆ ಇಬ್ಬರು ನರ್ಸುಗಳಿದ್ದೆವು, ಒಬ್ಬರಿಗೆ ಕೊಡದ ಸೂಜಿಯನ್ನು ಕೊಟ್ಟೆನೆಂದು ತಿಳಿದೆ, ಇನ್ನು ನನ್ನ ಕೈಯನ್ನು ನಂಬುವ ಹಾಗಿಲ್ಲ, ದಯವಿಟ್ಟು ನರ್ಸುಗಳನ್ನು ನೇಮಿಸಿರಿ. ಇಷ್ಟೇ. ಯಾರಿಗೂ ಗೊತ್ತಾಗದೆ ಮುಚ್ಚಿಹೋಗುತ್ತಿದ್ದ ತಪ್ಪನ್ನು ತನ್ನ ಕೈಯಾರೆ ಬರೆದು ಸಹಿ ಹಾಕಿ ಕೊಟ್ಟ ಇನ್ನೊಬ್ಬರನ್ನು ನಾನು ಈ ವೃತ್ತಿಯಲ್ಲಿ ನೋಡಿಲ್ಲ. ನನ್ನಿಂದಂತೂ ಆಗುತ್ತಿರಲಿಲ್ಲ.

ಆಗ ಮಾತ್ರ ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗ್ತೀರೇನ್ರಿ ಎಂದು ಜಗಳ ತೆಗೆದೆ. ಕ್ಯಾಪಿನಿಂದ ನನ್ನ ರಾಜೀನಾಮೆಯನ್ನೂ ತೆಗೆದು ಅವರ ಮುಂದೆ ಎಸೆದೆ. ಅವರು ಅದನ್ನು ಓದಿದರು. ಬೈಯಲಿಲ್ಲ, ಇರು ಎಂದೂ ಹೇಳಲಿಲ್ಲ.

"ಇಷ್ಟ ವರ್ಷ ಗಂಟ ಹಾಕಿ ಹಾಕಿ ನಾನಾ ಈ ಮಂಡಳಿಯವ್ರ ಕಣ್ಣ ಕಟ್ಟೀನಿ. ಎಲ್ಲಾ ಸುಸೂತ್ರ ನಡದದ ಅಂತ ಅವ್ರು ತಿಳದಾರ. ನಾ ಇರೂತನಕ ಅವ್ರಿಗಿ ಮಂದಿ ಕಡಿಮಿ ಬಿದ್ದದ್ದು ಕಾಣಂಗಿಲ್ಲ. ನೀ ಹೋಗೂದಿದ್ರ ಹೋಗು, ಇರೂದಿದ್ರ ಇರು. ನನ್ನಂಗ ಮಾತ್ರ ಮುಚ್ಚಿಡಬ್ಯಾಡ."

ನಿಯಮದ ಪ್ರಕಾರ ಒಂದು ತಿಂಗಳು ಇದ್ದರು. ಹೊರಡುವ ದಿನ ನಡುವಿನಿಂದ ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟರು. ಆ ಒಂದು ಗಂಟು ಹಾಗೇ ಇತ್ತು. ಹೊಸ ಹುಡುಗಿಯರು ಬಂದ ದಿನ ಇದನ್ನು ಬಿಚ್ಚಬೇಕು ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಚಿತ್ತಾಪುರದ ಬಸ್ಸು ಹತ್ತಿದರು. ಅಲ್ಲಿ ಅವರ ತಮ್ಮನ ಮನೆ. ಕಾಲಲ್ಲಿ ಅಂದು ಚಪ್ಪಲಿ ಇತ್ತು. ಚಪ್ಪಲಿ ಹಾಕಿದ ದೊಡ್ಡ ಸಿಸ್ಟರ್ ಯಾರೋ ಬೇರೆಯವರ ಹಾಗೆ ಕಂಡರು.

ಅವರು ಹೇಳಿದ್ದು ಖರೇ ಆಯಿತು. ನಾನೊಬ್ಬಳೇ ನಾಲ್ಕು ದಿನ ಎಳೆದೆ. ಐದನೆಯ ದಿನ ಡಾಕ್ಟರನ್ನು ಕರೆದು, ನನ್ನಿಂದ ನೋಡಲಾಗುವುದು ಹತ್ತು ಮಂಚ, ಉಳಿದದ್ದು ನನಗೆ ಗೊತ್ತಿಲ್ಲ ಎಂದು ನೆಟ್ಟಗೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಹಾಗೆ ಮಾತಾಡಿದ್ದು. ಡಾಕ್ಟರು ಒಳ್ಳೆಯವರು. ಬಂದವರನ್ನು ಗುಲ್ಬರ್ಗಾಕ್ಕೆ ಕಳಿಸತೊಡಗಿದರು. ವಾರದಲ್ಲಿ ಇಪ್ಪತ್ತೆರಡು ಮಂಚಗಳ ಗಾದಿ ಸುತ್ತಿ ಇಟ್ಟೆವು. ಬರೀ ಮಂಚಗಳ ಸಾಲು ನೋಡಲು ಮಂಡಳಿಯವರೆಲ್ಲ ಬಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತಿಂಗಳೊಳಗೆ ಇಬ್ಬರು ಹುಡುಗಿಯರು ನೇಮಕವಾದರು, ಮಳೆಗಾಲಕ್ಕೆ ಮತ್ತೊಬ್ಬಳು. ಒಂದು ಮಧ್ಯಾಹ್ನ ನಾನು ಕೂತು, ಬಿಸಿ ಇರುವಾಗಲೇ ಚಹಾ ಕುಡಿದೆ. ನನ್ನ ರಾಜೀನಾಮೆ ಹರಿದು ಹಾಕಿದ್ದು ಅವತ್ತೇ.

ಹುಡುಗಿಯರು ಬಂದರು, ಗಂಟು ಬಿಚ್ಚಲೇ ಎಂದು ದೊಡ್ಡ ಸಿಸ್ಟರ್‌ಗೆ ಕಾರ್ಡು ಬರೆದೆ. ಎಂಟು ದಿನಕ್ಕೆ ಉತ್ತರ ಬಂತು, ಎರಡೇ ಸಾಲು: "ಗಂಟ ನೀ ಬಿಚ್ಚಬ್ಯಾಡ. ಹುಡುಗ್ಯಾರ್ನ ಕರಕೊಂಡ ಬಾ, ನೋಡಿ ನಾನಾ ಬಿಚ್ಚತೀನಿ."

ಎಷ್ಟು ದೂರ ಚಿತ್ತಾಪುರ? ಒಂದು ಬಸ್ಸಿನ ದಾರಿ. ಆದರೆ ನಾಲ್ವರೂ ಒಟ್ಟಿಗೆ ಹೋಗಬೇಕಲ್ಲ, ಒಟ್ಟಿಗೆ ಹೋದರೆ ವಾರ್ಡಿಗೆ ಯಾರು? ಒಬ್ಬಳ ಬಾಣಂತನ, ಇನ್ನೊಬ್ಬಳ ತಂದೆಯ ಕಾಯಿಲೆ, ಮತ್ತೆ ವಾಂತಿಭೇದಿ... ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ನಾಲ್ಕು ವರ್ಷ ಕಳೆದೆ. ಒಬ್ಬಳೇ ಹೋಗಿಬರಬಹುದಿತ್ತು. ಆ ಬುದ್ಧಿ ಯಾಕೆ ಬರಲಿಲ್ಲವೆಂದು ಈಗ ತಲೆ ಚಚ್ಚಿಕೊಂಡು ಏನು ಬಂತು?

ಕೊನೆಗೆ ಹೋದದ್ದು ಒಬ್ಬಳೇ, ಅವರು ತೀರಿಕೊಂಡ ಸುದ್ದಿ ಬಂದ ಮೇಲೆ. ಪಟ್ಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಅವರ ತಮ್ಮನ ಹೆಂಡತಿ ನೀರು ಕೊಟ್ಟು, ಎಲ್ಲಿಂದ ಬಂದಿರೆಂದು ಕೇಳಿದರು. ಹೇಳಿದೆ.

"ಅಯ್ಯ, ನೀವಾ ಏನ್ರಿ? ಹುಡುಗ್ಯಾರು ಬರ್ತಾರ ಅಂತ ಎರಡ ಸಲ ಹೋಳಗಿ ಮಾಡಿಸಿದ್ರಲ್ರಿ ನಮ್ಮ ಅತ್ತಿಗಿಯವ್ರು. ನಿಮಗ ರಜಾ ಸಿಗಂಗಿಲ್ಲ ಅಂತ ತಾವಾ ಅಂತಿದ್ರು. ಸಿಟ್ಟಿದ್ದಿಲ್ರಿ ಅವ್ರಿಗಿ."

ಸಿಟ್ಟಿರಲಿಲ್ಲವಂತೆ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಈಗ ನಾನು ಬೇರೊಂದು ಆಸ್ಪತ್ರೆಯಲ್ಲಿ ಹಿರಿಯ ಸಿಸ್ಟರ್. ಮೊನ್ನೆ ನನ್ನ ವಾರ್ಡಿನ ಹುಡುಗಿಯೊಬ್ಬಳು ಕಣ್ಣು ಕೆಂಪು ಮಾಡಿಕೊಂಡು ಬಂದು ಟೇಬಲ್ಲಿನ ಮೇಲೆ ಒಂದು ಕಾಗದ ಇಟ್ಟಳು. ಹೊಂದಿಸಿಕೊಂಡು ಹೋಗವ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ. ಇವತ್ತು ನಿನ್ನ ಪಾಲಿಗೆ ಎಷ್ಟು ರೋಗಿಗಳು ಎಂದು ಕೇಳಿದೆ. ಅವಳು ಹೇಳಿದಳು. ಅದನ್ನೇ ಒಂದು ಹಾಳೆಯಲ್ಲಿ ಬರೆದು, ಕೆಳಗೆ ನನ್ನ ಸಹಿ ಹಾಕಿ ಮೇಲಿನವರಿಗೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ನಾಳೆ ಮತ್ತೆ ಬರೆಯುತ್ತೇನೆ.

ಟ್ರಂಕಿನ ಮುಂದೆ ಕೂತು ಆ ಗಂಟನ್ನು ಬಿಚ್ಚಲು ನೋಡಿದೆ. ಇಷ್ಟು ವರ್ಷಕ್ಕೆ ಬಿಗಿದು ಕಲ್ಲಾಗಿದೆ. ಉಗುರು ಹಾಕಿದರೆ ಬಿಚ್ಚುತ್ತಿತ್ತೇನೋ... ಹಾಕಲಿಲ್ಲ. ನೋಡಿ ತಾವೇ ಬಿಚ್ಚುತ್ತೇನೆ ಎಂದವರು ಆಚೆ ದಂಡೆಯಲ್ಲಿದ್ದಾರೆ.