ಕೈಯಿಂದ ಕೈಗೆ ಕೊಡದ ಸೂಜಿ

ನಮ್ಮದು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮನೆ. ನಡುಮನೆಯ ಒಂದು ಮೆಷಿನ್ನಿನ ಮುಂದೆ ಅಪ್ಪ, ಇನ್ನೊಂದರ ಮುಂದೆ ಅವ್ವ. ಉಳಿದ ಜಾಗವೆಲ್ಲ ನೀಲಿ ಬಟ್ಟೆಯ ಬಂಡಲುಗಳದ್ದು. ಅವುಗಳ ನಡುವೆಯೇ ನಮ್ಮ ಊಟ, ನಿದ್ದೆ. ಅನ್ನ ಹಾಕುವುದೇ ಸೂಜಿಯಾದ್ದರಿಂದ ಅದಕ್ಕೆ ನಮ್ಮಲ್ಲಿ ದೇವರಿಗಿಂತ ಹೆಚ್ಚು ಮಡಿ. ಸೂಜಿಯನ್ನು ಯಾರೂ ಯಾರ ಕೈಗೂ ಕೊಡುವಂತಿಲ್ಲ. ಮೆಷಿನ್ನಿನ ಹಲಗೆಯ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದಂತೆ. ದೀಪ ಹಚ್ಚಿದ ಮೇಲಂತೂ ಅದರ ಹೆಸರೂ ಎತ್ತಬಾರದು, ‘ಅದು’ ಎನ್ನಬೇಕು.

ಇಂಥ ಮನೆಯಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ ನನಗೆ ಶುಗರ್ ಬಂತು. ಅದು ಮುದುಕರ ಕಾಯಿಲೆ ಎಂದೇ ನಮ್ಮ ಬೀದಿಯವರೆಲ್ಲ ತಿಳಿದಿದ್ದರು. ಬಳ್ಳಾರಿಯ ಡಾಕ್ಟರು, ಇದು ಮಕ್ಕಳಿಗೂ ಬರುವ ಬಗೆ, ಸಿಹಿ ತಿಂದು ಬಂದದ್ದಲ್ಲ, ಇರುವ ತನಕ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಅವ್ವ ತಲೆಯಾಡಿಸಿದಳು. ಬಸ್ಸಿನಲ್ಲಿ ಬರುವಾಗ ಮಾತ್ರ, ಯಾರ ಮುಂದೂ ಬಾಯಿ ಬಿಡಬೇಡ, ಗೊತ್ತಾದರೆ ನಾಳೆ ನಿನ್ನನ್ನು ಯಾರು ಮಾಡಿಕೊಳ್ಳುತ್ತಾರೆ ಎಂದಳು.

ಅಳತೆ ನೋಡಿ ಸಿರಿಂಜಿಗೆ ಔಷಧ ತುಂಬುವುದು ಅವ್ವನ ಕೆಲಸವಾಯಿತು. ತುಂಬಿ, ಹಲಗೆಯ ಮೇಲಿಟ್ಟು, ಮುಖ ತಿರುಗಿಸಿ ಹೋಗುವಳು. ನಾನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಚುಚ್ಚಿಕೊಳ್ಳಬೇಕು. ಸಂಜೆ, ‘ಅದು ಇಟ್ಟೀನಿ ನೋಡು’ ಎನ್ನುವಳು. ರೋಗಕ್ಕೂ ಅದೇ ಹೆಸರು. ನೆಂಟರ ಮದುವೆಯಲ್ಲಿ ನಾನು ಹೋಳಿಗೆ ಬೇಡವೆಂದರೆ, ಇವಳಿಗೆ ಸಿಹಿ ಸೇರುವುದಿಲ್ಲ ಎಂದು ನಗುವಳು. ಹೋಳಿಗೆಯೆಂದರೆ ಜೀವ ಬಿಡುತ್ತಿದ್ದವಳು ನಾನು! ಆ ನಗು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಹತ್ತನೆಯದು ಮುಗಿಸಿ ಕಾಲೇಜಿನಲ್ಲಿ ಇಂಟರ್ ಓದುವಾಗ ಸಾಕಾಗಿ ಹೋಯಿತು. ನೋವಿಗಲ್ಲ, ಇರುವೆ ಕಚ್ಚಿದರೆ ಅದಕ್ಕಿಂತ ಹೆಚ್ಚು ನೋಯುತ್ತದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಕಳ್ಳಿಯ ಹಾಗೆ ಚುಚ್ಚಿಕೊಳ್ಳುವುದು ಸಾಕಾಯಿತು. ಗೆಳತಿಯರು ಮಿರ್ಚಿ ಅಂಗಡಿಯ ಮುಂದೆ ನಿಂತಾಗ ಇಲ್ಲದ ಹೊಟ್ಟೆನೋವು ಹೇಳುವುದು ಸಾಕಾಯಿತು. ಎಲ್ಲಕ್ಕಿಂತ ಆ ಹಲಗೆ. ಶಾಸ್ತ್ರ ಗೊತ್ತಿದ್ದರೂ, ಅವ್ವನಿಗೆ ನನ್ನನ್ನು ಮುಟ್ಟಲು ಹೇಸಿಗೆ ಎಂದೇ ನನಗನ್ನಿಸತೊಡಗಿತು. ಸಂಜೆಯ ಔಷಧವನ್ನು ಬಚ್ಚಲ ತೂಬಿಗೆ ಬಿಡತೊಡಗಿದೆ. ಸಾಯಬೇಕೆಂದಲ್ಲ, ಸ್ವಲ್ಪ ದಿನ ಎಲ್ಲರ ಹಾಗೆ ಇರಬೇಕೆಂದು.

ಎಷ್ಟು ನೀರು ಕುಡಿದರೂ ತೀರದ ದಾಹ ಮೊದಲಾಯಿತು, ಆಮೇಲೆ ವಾಂತಿ, ಆಮೇಲೆ ಏದುಸಿರು. ಅಪ್ಪ ಅರ್ಧ ಹೊಲಿದ ಪ್ಯಾಂಟನ್ನು ಮೆಷಿನ್ನಿನಲ್ಲೇ ಬಿಟ್ಟು ಅವ್ವನ ಜೊತೆ ನನ್ನನ್ನು ಬಳ್ಳಾರಿಗೆ ಕರೆದೊಯ್ದ. ಜೀವ ಉಳಿಯಿತು. ನಾನು ಎದ್ದು ಕೂರುವಂತಾದ ಮೇಲೆ ಡಾಕ್ಟರು ಮಂಚದ ಬದಿಗೆ ಬಂದು, ಗದರಿಸದೆ, ‘ಬ್ಯಾಸರ ಆಗೇತೇನಮ್ಮ?’ ಎಂದು ಕೇಳಿದರು. ಅಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. ಬಚ್ಚಲು, ಹೋಳಿಗೆ, ಹಲಗೆ, ಎಲ್ಲವನ್ನೂ ಅವ್ವನ ಎದುರೇ ಹೇಳಿಕೊಂಡು ಅತ್ತೆ. ಈ ಕಾಯಿಲೆಯಲ್ಲಿ ಮನಸ್ಸೂ ದಣಿಯುತ್ತದೆ, ಅದನ್ನು ಮುಚ್ಚಿಡಬಾರದು, ಔಷಧಕ್ಕೆ ಬಂದಾಗಲೆಲ್ಲ ಇದನ್ನೂ ಮಾತಾಡೋಣ ಎಂದರು ಡಾಕ್ಟರು. ಅವ್ವ ಸೆರಗಿನಂಚಿನ ದಾರ ಎಳೆಯುತ್ತ ಕೂತಿದ್ದಳು.

ಮನೆಗೆ ಬಂದ ಸಂಜೆ ಅವ್ವ ದೀಪ ಹಚ್ಚಿದಳು, ಸಿರಿಂಜಿಗೆ ಔಷಧ ತುಂಬಿದಳು. ನಾನು ಹಲಗೆಯ ಕಡೆ ನೋಡುತ್ತಿದ್ದೆ. ಅವಳು ಹಲಗೆಯನ್ನು ದಾಟಿ ಬಂದು, ನನ್ನೆದುರು ಕೂತು, ಸಿರಿಂಜು ಹಿಡಿದ ಕೈ ಚಾಚಿದಳು. ಅಪ್ಪ ಮೆಷಿನ್ನು ನಿಲ್ಲಿಸಿ, ದೀಪ ಹಚ್ಚಿಯಾಗಿದೆ, ಕೈಗೆ ಕೊಟ್ಟರೆ ಜಗಳ ಹತ್ತುತ್ತದೆ ಎಂದು ಮೆಲ್ಲಗೆ ನೆನಪಿಸಿದ.

‘ಹತ್ತಿದ್ರ ಹತ್ಲಿ,’ ಎಂದಳು ಅವ್ವ. ‘ಜಗಳ ಆಡಾಕರ ಮಗಳು ಇರಬೇಕಲ್ಲ. ಸೂಜಿ ತೊಗೋ ಯವ್ವಾ. ಇಲ್ಲೇ ಕುಂತು ಹಾಕ್ಕೋ.’

ಬೀದಿಬಾಗಿಲು ತೆರೆದೇ ಇತ್ತು. ನಾನು ಅಲ್ಲೇ ಕೂತು ಹಾಕಿಕೊಂಡೆ.

ಶಾಸ್ತ್ರವೇನೂ ಸುಳ್ಳಾಗಲಿಲ್ಲ. ಸಾಕಪ್ಪಾ ಸಾಕು ಅನ್ನಿಸುವ ದಿನಗಳು ಈಗಲೂ ಬರುತ್ತವೆ. ಆಗ ನಾನು ಬಚ್ಚಲಿಗೆ ಹೋಗುವುದಿಲ್ಲ, ಅವ್ವನ ಮೇಲೆ ಕೂಗಾಡುತ್ತೇನೆ. ಅವಳೂ ತಿರುಗಿ ಕೂಗಾಡುತ್ತಾಳೆ, ಕೂಗಾಡುತ್ತಲೇ ಸಿರಿಂಜನ್ನು ನನ್ನ ಕೈಗೆ ಕೊಡುತ್ತಾಳೆ.